ಹೆಜ್ಜೆ ಹವಾಲ್ದಾರರ ಹತ್ತೊಂಬತ್ತು ಹೆಜ್ಜೆ

ಊರಿನಲ್ಲಿ ಎಲ್ಲರೂ ಅವರನ್ನು ಹೆಜ್ಜೆ ಹವಾಲ್ದಾರರು ಎಂದೇ ಕರೆಯುತ್ತಿದ್ದರು. ನಡೆಯುವಾಗ ಎಣಿಸುವುದು ಅವರ ಚಟ. ಮನೆಯಿಂದ ಬಸ್ ನಿಲ್ದಾಣಕ್ಕೆ ಆರುನೂರ ಹನ್ನೆರಡು, ಅಂಚೆ ಕಚೇರಿಗೆ ಇನ್ನೂರ ಎಂಬತ್ತು. ಹೆಂಡತಿಯ ಹೆಣಕ್ಕೆ ಹೆಗಲು ಕೊಟ್ಟ ದಿನವೂ ಅವರ ತುಟಿ ಅಲುಗುತ್ತಿತ್ತು. ಜನ ದೇವರ ಹೆಸರು ಹೇಳುತ್ತಿದ್ದಾರೆಂದು ತಿಳಿದು ಕಣ್ಣೊರೆಸಿಕೊಂಡರು. ದೇವರೂ ಇಲ್ಲ ಗೀವರೂ ಇಲ್ಲ, ಮನುಷ್ಯ ಎಣಿಸುತ್ತಿದ್ದ ಅಷ್ಟೇ.

ಊರಿಗೂ ಗಡಿಯ ಗುಡ್ಡಕ್ಕೂ ನಡುವೆ ನಲವತ್ತು ಮನೆಗಳ ಹೊಲವಿತ್ತು. ಅವರ ತಂದೆಯ ಕಾಲದ ಯುದ್ಧದಲ್ಲಿ ಆಚೆಯವರು ಅದೇ ಹೊಲ ತುಳಿದುಕೊಂಡು ಊರೊಳಗೆ ಬಂದಿದ್ದರು. ಇವರ ಕಾಲದ ಯುದ್ಧದಲ್ಲಿ ಹಾಗಾಗಬಾರದೆಂದು ನಮ್ಮ ಸೇನೆ ಅಲ್ಲಿ ನೆಲಬಾಂಬು ಹೂತಿತು. ಈ ನೆಲ ಬಲ್ಲವನು ಬೇಕೆಂದಾಗ ಆ ಕೆಲಸಕ್ಕೆ ಸಿಕ್ಕವರು ಇವರೇ. ಸ್ವಂತ ಊರಿನ ಹೊಲಕ್ಕೆ ಸ್ವಂತ ಕೈಯಾರೆ ಬೀಗ ಜಡಿಯುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ.

ಕೆಲಸದ ರೀತಿ ಸುಲಭ. ಬಾವಿಯ ಕಟ್ಟೆಯಿಂದ ಗುಡ್ಡದ ಕಡೆಗೆ ನೂರ ನಲವತ್ತು ಹೆಜ್ಜೆ. ಅಲ್ಲಿಂದ ಬಲಕ್ಕೆ ತಿರುಗಿ ನಾಲ್ಕು ಹೆಜ್ಜೆಗೊಂದು ಗುಂಡಿ, ಗುಂಡಿಗೊಂದು ಬಾಂಬು, ಮೇಲೆ ಮಣ್ಣು, ಮಣ್ಣಿನ ಮೇಲೆ ಒಣ ಹುಲ್ಲು. ಇವರ ಸಾಲಿನಲ್ಲಿ ಒಟ್ಟು ಹನ್ನೊಂದು, ಉಳಿದ ಸಾಲುಗಳು ಬೇರೆಯವರ ಪಾಲು. ಎಲ್ಲವನ್ನೂ ಕಾಗದದಲ್ಲಿ ಬರೆದಿಡಬೇಕು, ಯಾಕೆಂದರೆ ನಾಳೆ ತೆಗೆಯುವವರಿಗೆ ಆ ಕಾಗದವೇ ಕಣ್ಣು.

ಯುದ್ಧ ಹದಿನೇಳು ದಿನಕ್ಕೆ ಮುಗಿಯಿತು. ಆದರೆ ಬಾಂಬು ತೆಗೆಯುವ ಮೊದಲೇ ಗುಡ್ಡದ ಹುಡುಗರು ಸರ್ಕಾರದ ಮೇಲೆ ತಿರುಗಿಬಿದ್ದು ಬಂದೂಕು ಹಿಡಿದರು. ಅದು ತಣ್ಣಗಾಗುವಷ್ಟರಲ್ಲಿ ಗಡಿಯಾಚೆಯಿಂದ ಬಂದವರು ಪೇಟೆಯ ಬಸ್ಸಿನಲ್ಲಿ ಬಾಂಬಿಟ್ಟರು. ಪ್ರತಿ ಸಲವೂ ಮೇಲಿನವರು, ಹೊಲ ಹಾಗೇ ಇರಲಿ, ನುಸುಳುವವರಿಗೆ ಅಡ್ಡಿಯಾಗುತ್ತದೆ ಎಂದರು. ಹೀಗೆ ಮೂವತ್ತನಾಲ್ಕು ವರ್ಷ. ಹೊಲದ ಸುತ್ತ ತಂತಿ, ತಂತಿಗೆ ಕೆಂಪು ಹಲಗೆ. ತಂತಿಯ ಹೊರಗೆ, ಹೊಲದ ಬಲಬದಿಯಲ್ಲಿ, ಶಾಲೆಗೆ ಹೋಗುವ ಕಾಲುದಾರಿ.

ಆ ದಾರಿಯ ಬದಿಗೆ ಹವಾಲ್ದಾರರು ಪ್ರತಿ ವರ್ಷ ಮುಳ್ಳು ಕಡಿದು ತಂದು ಒಟ್ಟುತ್ತಿದ್ದರು. ಹೊಲಕ್ಕೆ ತಂತಿಯೇ ಇರುವಾಗ ಇದೇನು ಹುಚ್ಚು ಎಂದು ಜನ ನಗುತ್ತಿದ್ದರು. ಒಬ್ಬಳೇ ಮಗಳನ್ನು ಅವರು ಆ ದಾರಿಯಲ್ಲಿ ಒಂದು ದಿನವೂ ಕಳಿಸಲಿಲ್ಲ. ಡಾಂಬರು ರಸ್ತೆಯಲ್ಲಿ ಸುತ್ತಿ ಹೋಗಬೇಕು, ಅರ್ಧ ಗಂಟೆ ಹೆಚ್ಚಾದರೂ ಸರಿ. "ಹವಾಲ್ದಾರ್ರ ಮಗಳ ಕಾಲಿಗೆ ಮಣ್ಣು ಹತ್ತಬಾರ್ದಲ್ಲ!" ಎಂದು ಪಕ್ಕದ ಮನೆಯಾಕೆ ಅಣಕಿಸುತ್ತಿದ್ದಳು. ಅವಳ ಮೂರು ಮಕ್ಕಳೂ ಕಾಲುದಾರಿಯಲ್ಲೇ ಕುಣಿದುಕೊಂಡು ಹೋಗಿ ಬರುತ್ತಿದ್ದವು. ಹವಾಲ್ದಾರರ ಮಗಳು ಈಗ ಅದೇ ಶಾಲೆಯಲ್ಲಿ ಟೀಚರು, ಅಪ್ಪನ ಕಾಲನ್ನೇ ತಂದು ಜೋಡಿಸಿದಂಥ ಉದ್ದ ಕಾಲಿನವಳು. ಅಭ್ಯಾಸ ಬಲದಿಂದ ಈಗಲೂ ರಸ್ತೆಯಲ್ಲೇ ಸುತ್ತಿ ಹೋಗುತ್ತಾಳೆ.

ಮನೆಯ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಒಂದು ಪ್ರಶಂಸಾಪತ್ರವಿದೆ. ಶೆಲ್ಲುಗಳು ಬೀಳುತ್ತಿದ್ದರೂ ತಲೆ ತಗ್ಗಿಸದೆ, ಒಂದು ಹೆಜ್ಜೆಯನ್ನೂ ತಪ್ಪಿಸದೆ ಕೆಲಸ ಮುಗಿಸಿದ ಯೋಧ ಎಂದು ಬರೆದಿದೆ. ರೆಜಿಮೆಂಟಿನ ಇತಿಹಾಸದ ಪುಸ್ತಕದಲ್ಲೂ ಅದೇ ಸಾಲು. ಶಾಲೆಯ ವಾರ್ಷಿಕ ದಿನದಂದು ಮಗಳೇ ಅದನ್ನು ಮಕ್ಕಳಿಗೆ ಓದಿ ಹೇಳುತ್ತಾಳೆ. ಹವಾಲ್ದಾರರು ಮುಂದಿನ ಸಾಲಿನಲ್ಲಿ ಕುಳಿತು ತಮ್ಮ ಬೂಟಿನ ತುದಿ ನೋಡುತ್ತಾರೆ. ವಿನಯ ಅಂದರೆ ಇದಪ್ಪಾ ಎಂದು ಊರವರು.

ನಿಜ ಬೇರೆಯೇ ಇತ್ತು. ಹತ್ತನೆಯದನ್ನು ಹೂತು ಎದ್ದಾಗ ಮೊದಲ ಶೆಲ್ಲು ಬಾವಿಯ ಹತ್ತಿರ ಬಿತ್ತು. ಎರಡನೆಯದು ಇನ್ನೂ ಹತ್ತಿರ. ಕಂಕುಳಲ್ಲಿ ಹನ್ನೊಂದನೆಯ ಬಾಂಬು. ಮೂವತ್ತಾರು ವರ್ಷದ ಹವಾಲ್ದಾರರು ಕಾಲಿಗೆ ಬುದ್ಧಿ ಹೇಳಿದರು. ಸಾಲು ಹಿಡಿದೇ ಓಡಿದರು, ಯಾಕೆಂದರೆ ಬೇರೆ ಕಡೆ ಓಡಿದರೆ ಬೇರೆಯವರು ಹೂತದ್ದರ ಮೇಲೆ ಕಾಲಿಡಬೇಕಾಗುತ್ತಿತ್ತು. ಹಾಳು ಚಟ, ಓಡುವಾಗಲೂ ಬಿಡಲಿಲ್ಲ: ಹತ್ತೊಂಬತ್ತು ಹೆಜ್ಜೆ. ಅಲ್ಲಿ ಎಡವಿ ಬಿದ್ದರು. ಬಿದ್ದಲ್ಲೇ ಉಗುರಿನಿಂದ ಮಣ್ಣು ಕೆರೆದು, ಕೈಯಲ್ಲಿದ್ದ ಮಾರಿಯನ್ನು ಹೂತು, ತೆವಳಿಕೊಂಡು ಪಾರಾದರು. ಸಂಜೆ ಕಾಗದದಲ್ಲಿ ಬರೆದರು: ಹನ್ನೊಂದನೆಯದು, ನಾಲ್ಕು ಹೆಜ್ಜೆ. ಆ ಕಾಗದ ನೋಡಿ ತಂತಿ ಎಳೆದರು. ಆ ಕಾಗದ ನೋಡಿ ಪ್ರಶಂಸಾಪತ್ರ ಕೊಟ್ಟರು. ಸುಳ್ಳು ದಾಖಲೆ ಬರೆದದ್ದಕ್ಕೆ ಶಿಕ್ಷೆ ಏನೆಂದು ಅವರಿಗೆ ಗೊತ್ತಿತ್ತು. ನಿವೃತ್ತರಾದ ಮೇಲೆ ಎರಡು ಸಲ ಕೋಲು ಹಿಡಿದು ಹುಡುಕಲು ಹೋದರು, ಎರಡು ಸಲವೂ ಮಣ್ಣಿಗೆ ಕೋಲು ತಾಗಿಸದೆಯೇ ವಾಪಸು ಬಂದರು. ಆಮೇಲೆ ಮುಳ್ಳು ಒಟ್ಟಲು ಶುರು ಮಾಡಿದರು. ಬಿಸಿ ತುಪ್ಪ ಗಂಟಲಲ್ಲಿ ಸಿಕ್ಕಿಕೊಂಡು ಮೂವತ್ತನಾಲ್ಕು ವರ್ಷವಾಗಿತ್ತು, ನುಂಗಲಿಲ್ಲ, ಉಗುಳಲಿಲ್ಲ.

ಈ ವರ್ಷ ಕೊನೆಗೂ ಬಾಂಬು ತೆಗೆಯುವ ತಂಡ ಬಂತು. ಮುಖ್ಯಸ್ಥ ಒಬ್ಬ ಕ್ಯಾಪ್ಟನ್, ಮಾತು ಕಡಿಮೆ. ಬೇರೆಯವರ ಸಾಲುಗಳು ಲೆಕ್ಕಕ್ಕೆ ಸರಿಹೋದವು. ಹವಾಲ್ದಾರರ ಸಾಲನ್ನು ಕಾಗದದ ಪ್ರಕಾರ ಅಳೆದರು, ಒಂದೊಂದಾಗಿ ಹತ್ತು ಸಿಕ್ಕವು. ಹನ್ನೊಂದನೆಯ ಜಾಗದಲ್ಲಿ ಬರೀ ಮಣ್ಣು. ಪ್ಲಾಸ್ಟಿಕ್ಕಿನ ಬಾಂಬು, ಲೋಹ ಹುಡುಕುವ ಯಂತ್ರ ಕೂಗುವುದಿಲ್ಲ. ಸುತ್ತ ಅಂಗುಲ ಅಂಗುಲ ಚುಚ್ಚಿ ನೋಡಿದರು. ಇಲ್ಲ.

ಕ್ಯಾಪ್ಟನ್ ಒಂದು ಹಾಳೆ ತಂದ. ಹೂತದ್ದು ಹತ್ತೇ, ಬರೆಯುವಾಗ ತಪ್ಪಾಯಿತು ಎಂದು ಹವಾಲ್ದಾರರು ಸಹಿ ಹಾಕಿದರೆ ಹೊಲ ಊರಿಗೆ. ಇಲ್ಲದಿದ್ದರೆ ತಂತಿ ಹಾಗೇ, ಎಷ್ಟು ವರ್ಷವೋ ಗೊತ್ತಿಲ್ಲ.

ನಾಲ್ಕು ದಿನ ಹವಾಲ್ದಾರರ ಜಗುಲಿ ಖಾಲಿಯಾಗಲಿಲ್ಲ. ಊರಿನ ಹಿರಿಯರು ಬಂದರು, ಚಹಾ ಕುಡಿದರು, ಕೆಮ್ಮಿದರು, ಸಹಿಯ ಮಾತೆತ್ತಿದರು. ಹವಾಲ್ದಾರರು ಮಂಡಿ ನೋವು ಎಂದರು. ಸಹಿ ಹಾಕುವುದು ಕೈಯಲ್ಲಪ್ಪಾ ಎಂದರು ಹಿರಿಯರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಂಥ ದಾರಿ ಒಂದಾದರೂ ಇದೆಯೇ ಎಂದು ಅವರು ಒಳಕೋಣೆಯಲ್ಲಿ ಶತಪಥ ಹಾಕಿದರು. ಗೋಡೆಯಿಂದ ಗೋಡೆಗೆ ಆರು ಹೆಜ್ಜೆ. ತಿರುಗಿದರೆ ಮತ್ತೆ ಆರು.

ಐದನೆಯ ದಿನ ಬೆಳಿಗ್ಗೆ ಪಕ್ಕದ ಮನೆಯಾಕೆ ಬಂದಳು. ಅವಳ ಹೊಲವೂ ತಂತಿಯೊಳಗೇ ಇತ್ತು.

"ಅಣ್ಣ, ನೀವು ಸಹಿ ಹಾಕೇ ಹಾಕ್ತೀರ ಅಂತ ನಂಗೊತ್ತು. ನಾವೇನ್ ಸುಮ್ನೆ ಕೂರಲ್ಲ. ಸೋಮವಾರ ಮಣ್ಣು ಅಗೆಯೋ ಯಂತ್ರ ಬರುತ್ತೆ, ಹೊಲಕ್ಕೆ ಗಾಡಿ ಹೋಗೋ ಹಾಗೆ ಕಾಲುದಾರಿ ಅಗಲ ಮಾಡ್ತಾರೆ. ಅದಕ್ಕೇ ನಾಳೆ ನಾವು ಹೆಂಗಸರೆಲ್ಲಾ ಸೇರಿ ನಿಮ್ಮ ಆ ಮುಳ್ಳನ್ನ ಕಿತ್ತು ಹಾಕ್ತೀವಿ."

"ಮುಟ್ಬೇಡ!"

ಕೂಗು ಎಷ್ಟು ಜೋರಾಗಿತ್ತೆಂದರೆ ಅವಳು ಒಂದು ಮೆಟ್ಟಿಲು ಹಿಂದೆ ಇಳಿದಳು. "ಅಯ್ಯೋ, ಮುಳ್ಳು ತಾನೇ ಅಣ್ಣ?"

ಹವಾಲ್ದಾರರು ಅವಳನ್ನು ದಾಟಿ ಮೆಟ್ಟಿಲಿಳಿದರು. ಚಪ್ಪಲಿ ಮೆಟ್ಟಿ ನೇರ ಕ್ಯಾಪ್ಟನ್ನನ ಡೇರೆಗೆ ಹೋದರು.

"ಸರ್, ನಾನು ಓಡಿದೆ."

"ಎಲ್ಲಿಗೆ?"

"ಅವತ್ತು. ಹತ್ತನೇದು ಆದ್ಮೇಲೆ ನಾಲ್ಕು ಹೆಜ್ಜೆ ನಡೀಲಿಲ್ಲ. ಹತ್ತೊಂಬತ್ತು ಹೆಜ್ಜೆ ಓಡಿದೆ. ಅದು ತಂತಿಯಿಂದ ಹೊರಗಿದೆ."

ಕ್ಯಾಪ್ಟನ್ನನ ಮೇಜಿನ ಮೇಲೆ ರೆಜಿಮೆಂಟಿನ ಪುಸ್ತಕವಿತ್ತು. ಅವನು ಅದನ್ನೊಮ್ಮೆ ನೋಡಿದ, ಮುದುಕರನ್ನೊಮ್ಮೆ ನೋಡಿದ. ಬೈಯಲಿಲ್ಲ. ಬೈದಿದ್ದರೆ ಹವಾಲ್ದಾರರಿಗೆ ಎಷ್ಟೋ ಹಗುರವಾಗುತ್ತಿತ್ತು.

"ಓಡಿದ್ರೆ ಒಂದು ಹೆಜ್ಜೆ ಎಷ್ಟುದ್ದ?" ಎಂದ. "ದಾರಿ ಬದಿ ಪೂರ್ತಿ ಚುಚ್ತಾ ಹೋದ್ರೆ ತಿಂಗಳುಗಟ್ಟಲೆ ಆಗುತ್ತೆ. ಈಗ ನೀವು ಓಡಿ ತೋರ್ಸೋಕಾಗಲ್ಲ."

"ಮಗಳಿದ್ದಾಳೆ," ಎಂದರು ಹವಾಲ್ದಾರರು. "ಕಾಲು ನನ್ನದೇ."

ಶಾಲೆಯಿಂದ ಮಗಳನ್ನು ಕರೆಸಿದರು. ರಸ್ತೆಯ ಮೇಲೆ ಸುಣ್ಣದ ಗೆರೆ ಎಳೆದು, ಹತ್ತೊಂಬತ್ತು ಹೆಜ್ಜೆ ಓಡಬೇಕು ಎಂದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ನಗುತ್ತಾ ಓಡಿದಳು.

"ಹಾಗಲ್ಲ ಮಗಳೇ. ಹೆದರಿ ಓಡ್ಬೇಕು."

"ಯಾರಿಗೆ ಹೆದರ್ಲಿ ಅಪ್ಪಾ? ನಿನ್ನ ಮಗಳು ನಾನು. ತಲೆ ತಗ್ಗಿಸದೆ, ಒಂದು ಹೆಜ್ಜೆಯನ್ನೂ..."

"ನಾನು ಓಡಿದ್ದೆ ಕಣೆ."

ಅಲ್ಲೇ, ನಡುರಸ್ತೆಯಲ್ಲಿ, ಕ್ಯಾಪ್ಟನ್ ಅಳತೆಯ ಪಟ್ಟಿ ಹಿಡಿದು ನಿಂತಿರುವಾಗ, ಅವರು ಮಗಳಿಗೆ ಎಲ್ಲ ಹೇಳಿದರು: ಶೆಲ್ಲು, ಕಂಕುಳಲ್ಲಿದ್ದ ಬಾಂಬು, ಸಂಜೆ ಬರೆದ ನಾಲ್ಕು. ವರ್ಷಕ್ಕೊಮ್ಮೆ ತಾನು ಮಕ್ಕಳಿಗೆ ಓದುತ್ತಿದ್ದ ಸಾಲನ್ನು ಅವಳು ಮನಸ್ಸಿನಲ್ಲಿ ಮತ್ತೆ ಓದಿಕೊಂಡಿರಬೇಕು. ಸೆರಗನ್ನು ಇನ್ನೊಮ್ಮೆ ಬಿಗಿದು ಗೆರೆಗೆ ಹಿಂತಿರುಗಿದಳು. ಆಮೇಲೆ ಓಡಿದಳು. ಈ ಸಲ ನಗಲಿಲ್ಲ, ಹಿಂದೆ ತಿರುಗಿ ನೋಡಲೂ ಇಲ್ಲ. ಕ್ಯಾಪ್ಟನ್ ಪಟ್ಟಿ ಹಿಡಿದು ಅಳೆದ.

ಮೂರನೆಯ ದಿನ ಮಧ್ಯಾಹ್ನ ಸಿಕ್ಕಿತು. ಮುಳ್ಳಿನ ರಾಶಿಯ ಅಡಿ, ಕಾಲುದಾರಿಯಿಂದ ಒಂದೂವರೆ ಮೊಳ ದೂರ. ಚಹಾದ ತಟ್ಟೆಗಿಂತ ದೊಡ್ಡದಲ್ಲ, ಮಣ್ಣಿನದೇ ಬಣ್ಣ. ತಂಡದವರು ಕಟ್ಟಿದ ಹಗ್ಗದಾಚೆ ನಿಂತು ಊರು ನೋಡಿತು. ಅದನ್ನು ಮರಳಿನ ಪೆಟ್ಟಿಗೆಯಲ್ಲಿಟ್ಟು ಒಯ್ದ ಮೇಲೆ ಜನ ಒಮ್ಮೆಲೇ ಮಾತಾಡತೊಡಗಿದರು. ಹವಾಲ್ದಾರರು ಓಡಿದ್ದರಂತೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ಯಾರೂ ಛೀ ಎನ್ನಲಿಲ್ಲ. "ಶೆಲ್ಲು ಬಿದ್ರೆ ಯಾರು ತಾನೇ ಓಡಲ್ಲ?" ಎಂದ ಒಬ್ಬ. ಮೂವತ್ತನಾಲ್ಕು ವರ್ಷ ಯಾವ ಮಾತಿಗೆ ಹೆದರಿದ್ದರೋ ಅದು ಅಷ್ಟು ಸಲೀಸಾಗಿ ಮುಗಿದುಹೋದದ್ದು ಕಂಡು ಹವಾಲ್ದಾರರಿಗೆ ಅಳು ಬಂತು.

ಮಗಳು ಆ ಗುಂಡಿಯನ್ನೇ ನೋಡುತ್ತಿದ್ದಳು. ಗುಂಡಿ, ಕಾಲುದಾರಿ, ದೂರದಲ್ಲಿ ಶಾಲೆಯ ಹೆಂಚು.

"ಅಪ್ಪಾ, ನನ್ನನ್ನ ಯಾಕೆ ರಸ್ತೇಲಿ ಸುತ್ತಿ ಕಳಿಸ್ತಿದ್ದೆ?"

ಹವಾಲ್ದಾರರು ತಮ್ಮ ಚಪ್ಪಲಿಯ ತುದಿ ನೋಡಿದರು. ಪಕ್ಕದಲ್ಲೇ ನಿಂತಿದ್ದ ಪಕ್ಕದ ಮನೆಯಾಕೆ ತಲೆಯೆತ್ತಿದಳು.

"ಅಣ್ಣ," ಎಂದಳು, ದನಿ ಏರಿಸದೆ, "ನನ್ನ ಮೂರು ಮಕ್ಕಳಿಗೂ ಒಂದು ಮಾತು ಹೇಳಿದ್ರೆ ಅವೂ ಸುತ್ತಿ ಹೋಗ್ತಿದ್ವಲ್ಲ."

ಸಂಜೆ ತಂತಿ ಬಿಚ್ಚಿದರು. ಜನ ಬರಿಗಾಲಿನಲ್ಲಿ ಹೊಲಕ್ಕೆ ಇಳಿದು, ತಮ್ಮ ತಮ್ಮ ಬದು ಹುಡುಕುತ್ತಾ, ಜಗಳವನ್ನೂ ಶುರು ಮಾಡಿದರು. ಕತ್ತಲಾಗುವ ಮೊದಲು ಮಗಳು ಪಕ್ಕದ ಮನೆಯಾಕೆಯ ಕೈ ಹಿಡಿದು ಕಾಲುದಾರಿಯಲ್ಲೇ ಮನೆಯ ಕಡೆ ಹೊರಟಳು, ಹುಟ್ಟಿದ ಮೇಲೆ ಮೊದಲ ಸಲ. ಹವಾಲ್ದಾರರು ಸ್ವಲ್ಪ ಹೊತ್ತು ನಿಂತಿದ್ದು, ರಸ್ತೆಯಲ್ಲಿ ಸುತ್ತಿಕೊಂಡು ಒಬ್ಬರೇ ನಡೆದು ಬಂದರು.