ಆಯುಧಪೂಜೆಗೆ ಉರಿದ ಎಂಟು ದೀಪಗಳು

ಮಾದಣ್ಣ, ನಿನ್ನ ತಂಗಿ ಪುಟ್ಟಮ್ಮ ತೊಟ್ಟಿದ್ದ ಲೈಫ್ ಜಾಕೆಟ್ಟಿನ ದೀಪ ಸತ್ತಿದೆ ಎಂದು ನನಗೆ ಗೊತ್ತಿತ್ತು. ಅವಳು ನೀರಿಗೆ ಬೀಳುವುದಕ್ಕೆ ಒಂಬತ್ತು ತಿಂಗಳು ಮೊದಲೇ ಗೊತ್ತಿತ್ತು. ಏಳು ವರ್ಷ ಬಾಯಿ ಬಿಡಲಿಲ್ಲ.

ಹೇಗೆ ಎಂದು ಹೇಳುತ್ತೇನೆ, ಕೇಳು. ನಮ್ಮ ದೋಣಿ ಸಂಘದವರು, ಕೊಳ್ಳೇಗಾಲದಲ್ಲಿ ರೇಡಿಯೋ ರಿಪೇರಿ ಮಾಡುವವನು ಎಂದು, ಆ ಜಾಕೆಟ್ಟುಗಳ ಜವಾಬ್ದಾರಿಯನ್ನು ನನಗೆ ಕೊಟ್ಟಿದ್ದರು. ಹಳೆಯ ದೀಪಗಳ ಬ್ಯಾಟರಿಗೆ ಅವಧಿ ಮುಗಿದಿತ್ತು. ಕೊಚ್ಚಿಯಿಂದ ಹೊಸ ದೀಪ ತರಿಸಿ, ಎಂಟು ಜಾಕೆಟ್ಟುಗಳಿಗೂ ನಾನೇ ಕೂರಿಸಿದೆ. ಕತ್ತಲಲ್ಲಿ ನೀರಿಗೆ ಬಿದ್ದವರು ಎಲ್ಲಿದ್ದಾರೆಂದು ಕಾಣಲಿ ಎಂದು, ನೀರು ತಾಗಿದರೆ ತಾನಾಗಿ ದೀಪ ಹೊತ್ತಿಸುವ ಬ್ಯಾಟರಿ ಅದು. ನಾಲ್ಕು ವರ್ಷ ಇದರ ಕಡೆ ತಿರುಗಿ ನೋಡಬೇಕಾಗಿಲ್ಲ ಎಂದು ಸಂಘದಲ್ಲಿ ಎದೆಯುಬ್ಬಿಸಿ ಹೇಳಿಯೂ ಬಂದೆ.

ಅದೇ ವರ್ಷ ಆಯುಧಪೂಜೆಯ ದಿನ ಸತ್ತೇಗಾಲದಲ್ಲಿ ನೀನು ದೋಣಿ ತೊಳೆದೆ, ಹುಟ್ಟು ತೊಳೆದೆ, ಮೋಟಾರಿಗೆ ವಿಭೂತಿ ಬಳಿದೆ. ಜಾಕೆಟ್ಟುಗಳನ್ನು ಮಾತ್ರ ಕೈಯಲ್ಲಿ ಹಿಡಿದು ನಿಂತೆ. "ಇವ್ಕೂ ನೀರಾಕ್ಬೋದಾ ಸಾ?" ಎಂದು ಕೇಳಿದೆ. ನೀನು ಕೇಳಿದ್ದೆ, ಮಾದಣ್ಣ — ಅದನ್ನು ಮರೆಯಬೇಡ.

"ನೀರಲ್ಲಿ ಉರಿಯೋ ಸಾಮಾನು ಕಣಯ್ಯ, ನೀರು ಬಿದ್ರೆ ಏನಾದದು?" ಎಂದವನು ನಾನು.

ಎಂಟು ದೀಪಗಳೂ ಹೊತ್ತಿಕೊಂಡವು. ಹೆಂಗಸರು ಕೈಮುಗಿದರು, ಪುಟ್ಟಮ್ಮ ನಗುತ್ತಾ ಒಂದೊಂದಕ್ಕೂ ಕುಂಕುಮ ಇಟ್ಟಳು. ನಾನು ಬೀಗಿದೆ. ಸಂಜೆಯ ಹೊತ್ತಿಗೆ ಅವು ಮಂಕಾಗಿ, ಒಂದೊಂದಾಗಿ ಆರಿದವು. ನೀರು ಒಣಗಿತು, ಅದಕ್ಕೆ ಆರಿದವು ಎಂದುಕೊಂಡಿರಿ ನೀವೆಲ್ಲ. ಒಂದನ್ನು ಅಂಗಡಿಗೆ ತಂದು ಭೂತಗನ್ನಡಿ ಹಿಡಿದು ನೋಡಿದರೆ, ಅದರ ಬೆನ್ನ ಮೇಲೆಯೇ ಬರೆದಿತ್ತು — ಒಮ್ಮೆ ಉರಿದರೆ ಮುಗಿಯಿತು, ಬದಲಾಯಿಸಿ. ಕೂರಿಸುವಾಗ ನಾನು ತಾರೀಖು ನೋಡಿದ್ದೆ, ಅದನ್ನು ಓದಿರಲಿಲ್ಲ.

ಸಂಘಕ್ಕೆ ಹೋಗಿ ಹೇಳಬಹುದಿತ್ತು. ಆದರೆ ಎಲ್ಲ ಬಲ್ಲವನು ಎಂದು ಮೆರೆದ ಬಾಯಲ್ಲಿ 'ನನಗೆ ತಿಳಿಯಲಿಲ್ಲ' ಎಂಬ ಮಾತು ಬರಲಿಲ್ಲ. ಕುಂಕುಮ ಒರೆಸಿ, ಒಣಗಿಸಿ, ಇದ್ದಲ್ಲೇ ನೇತುಹಾಕಿದೆ. ತಾರೀಖು ಸರಿಯಾಗಿಯೇ ಇತ್ತಲ್ಲ, ಯಾರು ನೋಡಿದರೂ ಹೊಸದೇ. ಮಳೆಗಾಲಕ್ಕೆ ಮುಂಚೆ ಗುಟ್ಟಾಗಿ ಬೇರೆ ತರಿಸೋಣ ಎಂದುಕೊಂಡೆ. ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು...

ಆಷಾಢದಲ್ಲಿ ಹೊಳೆ ಬಂತು. ಆಚೆ ದಡದ ಗುಡಿಸಲಿನವರನ್ನು ಕರೆತರುವಾಗ ಮುಸ್ಸಂಜೆಯಲ್ಲಿ ತೇಲಿಬಂದ ಮರ ಬಡಿದು ನಿನ್ನ ದೋಣಿ ಮಗುಚಿತು. ನಾಲ್ವರನ್ನು ನೀನು ಎಳೆದು ದಡಕ್ಕೆ ಹಾಕಿದೆ. ಮಕ್ಕಳನ್ನು ಎತ್ತಿ ಕೂರಿಸಲೆಂದು ನಿನ್ನೊಡನೆ ಬಂದಿದ್ದ ಪುಟ್ಟಮ್ಮ ಸಿಗಲಿಲ್ಲ. ಕತ್ತಲಲ್ಲಿ ನೀನು ಇನ್ನೊಂದು ದೋಣಿ ತೆಗೆದುಕೊಂಡು ಕೂಗುತ್ತಾ ತಿರುಗಿದೆ. ಆ ಹೊಳೆಯ ಮೊರೆತದಲ್ಲಿ ಯಾರ ಕೂಗು ಯಾರಿಗೆ ಕೇಳೀತು? ಬೆಳಿಗ್ಗೆ ಅವಳು ಬಿದಿರು ಮೆಳೆಗೆ ಸಿಕ್ಕಿಕೊಂಡಿದ್ದಳು. ಜಾಕೆಟ್ಟು ಅವಳನ್ನು ಮುಳುಗಲು ಬಿಟ್ಟಿರಲಿಲ್ಲ. ಬೆಳಗಿನ ಜಾವದವರೆಗೂ ಜೀವವಿತ್ತು ಎಂದರು ಡಾಕ್ಟರು.

ಹೆಣದ ಮುಂದೆ ಕೂತು ನೀನು ಹೇಳಿದ್ದು ಇಷ್ಟೇ. "ಎಲ್ಡು ಸಲ ಆ ಮೆಳೆ ಪಕ್ಕದಲ್ಲೇ ಓಗಿದ್ದೆ ಸಾ. ದೀಪ ಉರೀತಿದ್ರೂ ನನ್ ಕಣ್ಗೇ ಕಾಣ್ನಿಲ್ವಲ್ಲ."

ನಾನು ನಿನ್ನ ಬೆನ್ನ ಮೇಲೆ ಕೈಯಿಟ್ಟು ಹಣೆಬರಹ ಎಂದೆ. ಥೂ — ಅಷ್ಟು ಸಲೀಸಾಗಿ ಹೇಗೆ ಅಂದೆನೋ! ದೀಪ ಕೆಡಿಸಿದ್ದು ಅಜ್ಞಾನ ಎನ್ನಬಹುದು. ಮುಚ್ಚಿಟ್ಟಿದ್ದು, ಆಮೇಲೆ ನಿನ್ನ ಬೆನ್ನು ಸವರಿದ್ದು... ಅದಕ್ಕೆ ಹೆಸರಿಡಲು ನನಗೆ ಆಗುತ್ತಿಲ್ಲ. ಎರಡನೆಯ ವಾರವೇ ಎಂಟಕ್ಕೂ ಹೊಸ ದೀಪ ಹಾಕಿದೆ. ಯಾರೂ ಏನೂ ಕೇಳಲಿಲ್ಲ. ನೀನು ಮತ್ತೆ ಹುಟ್ಟು ಹಿಡಿಯಲಿಲ್ಲ.

ಹೋದ ವಾರ ಕಣ್ಣಿನ ಆಸ್ಪತ್ರೆಯಿಂದ ನೇರವಾಗಿ ನನ್ನ ಅಂಗಡಿಗೆ ಬಂದೆಯಲ್ಲ, ಕಣ್ಣಲ್ಲಿ ಏನೂ ದೋಷವಿಲ್ಲ ಎಂದು ಡಾಕ್ಟರು ಬರೆದ ಚೀಟಿ ಹಿಡಿದು. ಇದು ಮೂರನೆಯ ಡಾಕ್ಟರು ಎಂದೆ ನೀನು. "ಸುಳ್ಳೇಳ್ತಾರೆ ಸಾ. ಸರ್ಯಾಗಿದ್ರೆ ಅವತ್ತು ಕಾಣ್ತಿತ್ತು," ಎಂದು ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ನಾನು ನಿನಗೆ ಟೀ ತರಿಸಿದೆ. ಅವತ್ತೂ ಹೇಳಲಿಲ್ಲ.

ನಿನ್ನ ಕಣ್ಣು ಯಾವತ್ತೂ ಸರಿಯಾಗಿಯೇ ಇತ್ತು, ಮಾದಣ್ಣ.

ಕ್ಷಮಿಸು ಎಂದು ಕೇಳುತ್ತಿಲ್ಲ. ಕೇಳುವ ಮುಖ ನನಗಿಲ್ಲ. ನಿನಗೆ ಓದಲು ಬರುವುದಿಲ್ಲ. ಬೇರೆಯವರ ಕೈಗೆ ಕೊಟ್ಟು ಕಳಿಸಿದರೆ ಅದೂ ಒಂದು ತಪ್ಪಿಸಿಕೊಳ್ಳುವ ಉಪಾಯವೇ ಆಗುತ್ತದೆ. ನಾಳೆ ಬೆಳಗಿನ ಬಸ್ಸಿಗೆ ಸತ್ತೇಗಾಲಕ್ಕೆ ಬರುತ್ತೇನೆ. ಪುಟ್ಟಮ್ಮನ ಇಬ್ಬರು ಮಕ್ಕಳನ್ನೂ ಕರೆಸು ಎನ್ನುತ್ತೇನೆ. ಅವರ ಎದುರಿಗೆ ಇದನ್ನು ನಾನೇ ಓದುತ್ತೇನೆ, ಒಂದು ಸಾಲನ್ನೂ ಬಿಡದೆ. ಓದಿ ಮುಗಿಸಿದ ಮೇಲೆ, ನೀವು ಏಳು ಎನ್ನುವವರೆಗೂ ಅಲ್ಲೇ ಕೂತಿರುತ್ತೇನೆ.