ಪರಾತದ ಅಡಿಗೆ ಅಂಟಿಸಿದ ನ್ಯಾಯ

ಕಿತ್ತುಹೋದ ಚಪ್ಪಲಿಗೆ ಈಗಷ್ಟೇ ಸೂಪರ್ ಗ್ಲೂ ಹಾಕಿದೆ. ಚಪ್ಪಲಿ ಅಂಟಲಿಲ್ಲ, ಎರಡು ಬೆರಳು ಅಂಟಿದವು. ಅವು ಬಿಡುವವರೆಗೆ ನಿಮಗೊಂದು ಸಂಗತಿ ಹೇಳುತ್ತೇನೆ. ಹೇಗೂ ಬೇರೆ ಕೆಲಸವಾಗದು.

ಕಣ್ಣುರಿಸುವ ಈ ವಾಸನೆ ಒಂದು ಕಾಲಕ್ಕೆ ನನ್ನ ಅನ್ನ. ಹೈದರಾಬಾದಿನ ಲ್ಯಾಬೊಂದರಲ್ಲಿ ಇಂಥದೇ ಅಂಟಿನಿಂದ ಸ್ಟ್ರೇನ್ ಗೇಜ್ ಅಂಟಿಸುತ್ತಿದ್ದೆ. ಉಗುರಿನಷ್ಟು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕೂದಲಿಗಿಂತ ತೆಳುವಾದ ಲೋಹದ ಪದರ. ಅಂಟಿಸಿದ ಉಕ್ಕು ಕಣ್ಣಿಗೆ ಕಾಣದಷ್ಟು ಬಗ್ಗಿದರೂ ಮೀಟರಿನಲ್ಲಿ ಅಂಕಿ ಏರುತ್ತದೆ. ಇಷ್ಟು ಗೊತ್ತಿದ್ದ ನನಗೆ ಪ್ರಪಂಚವೆಲ್ಲ ಗೊತ್ತಿದೆಯೆಂಬ ಗತ್ತು.

ಪ್ರತ್ಯೇಕ ತೆಲಂಗಾಣದ ಹೋರಾಟದ ದಿನಗಳವು. ಲ್ಯಾಬಿಗೆ ಬೀಗ ಬಿತ್ತು. ಬಸ್ಸು ಬಂದ್ ಆಗುವ ಮೊದಲೇ ಗೇಜು, ಮೀಟರು ಚೀಲಕ್ಕೆ ತುಂಬಿಕೊಂಡು ಮಕ್ತಲ್‌ನ ಮನೆಗೆ ಬಂದೆ. ಇಲ್ಲಿ ಬೇರೆಯದೇ ಹೋರಾಟ. ಹೊಸದಾಗಿ ಬಂದ ನನ್ನ ಹೆಂಡತಿ ಗದ್ವಾಲದವಳು. ಅವಳು ಜೋಳದ ರೊಟ್ಟಿ ಬಡಿದರೆ ಅವ್ವನಿಗೆ ಸದ್ದೇ ಕೇಳಿಸುವುದಿಲ್ಲವಂತೆ. ಸೊಸೆ ಬೆಕ್ಕಿನ ಮೈ ಸವರಿದಂಗ ಬಡೀತಾಳ ಎಂದು ಓಣಿಗೆಲ್ಲ ಸಾರಿದ್ದಳು. ಬಸ್ಸು ಬಿಟ್ಟ ದಿನವೇ ತವರಿಗೆ ಹೋಗುತ್ತೇನೆ, ತಿರುಗಿ ಬರುವ ಮಾತಿಲ್ಲ ಎಂದು ಇವಳು ಸೀರೆ ಮಡಚಿಟ್ಟಿದ್ದಳು. ಊರೆಲ್ಲ ಬಂದ್ ಮುಗಿಯಲಿ ಎನ್ನುತ್ತಿದ್ದರೆ, ನಾನೊಬ್ಬ ಇನ್ನಷ್ಟು ನಡೆಯಲಿ ಎಂದು ದೇವರಿಗೆ ಕೈಮುಗಿಯುತ್ತಿದ್ದೆ.

ವಿಜ್ಞಾನವೇ ನ್ಯಾಯ ಹೇಳಲಿ ಎಂದು ರೊಟ್ಟಿ ಬಡಿಯುವ ಅಗಲ ತಟ್ಟೆ, ಅಂದರೆ ಕಬ್ಬಿಣದ ಪರಾತದ ಅಡಿಗೆ ಗೇಜ್ ಅಂಟಿಸಿದೆ. ಮೊದಲು ಅವ್ವ ಬಡಿದಳು, ಅಂಕಿ ಏರಿತು. ಆಮೇಲೆ ಇವಳು ಬಡಿದಳು, ಇನ್ನೂ ಏರಿತು. ಸೊಸೆಯದೇ ಜೋರು ನೋಡವ್ವಾ ಎಂದು ಬೀಗಿದೆ. ಅವ್ವನ ಮುಖ ಸಪ್ಪಗಾಯಿತು. ಇವಳು ಮಾತ್ರ ರೊಟ್ಟಿಯನ್ನು ಹಂಚಿಗೆ ಹಾಕಿ ಮೀಟರನ್ನೇ ನೋಡುತ್ತಿದ್ದಳು.

"ಈಗ ಯಾರೂ ಬಡ್ಯಾಕ ಹತ್ತಿಲ್ರೀ. ಆದ್ರೂ ಅಂಕಿ ಏರಾಕ ಹತ್ತೈತಿ. ಇದು ನನ್ನ ಕೈದಲ್ಲ, ಒಲಿ ಕಾವು."

ಖರೆ. ಕುದಿಯುವ ಎಸರು ಹಾಕಿದ ಹಿಟ್ಟು, ಪಕ್ಕದಲ್ಲೇ ಒಲೆ. ಕಬ್ಬಿಣ ಕಾದು ಹಿಗ್ಗಿದರೂ ಗೇಜಿನ ಅಂಕಿ ಏರುತ್ತದೆ. ನಮ್ಮ ಕೆಲಸದ ಮೊದಲ ಪಾಠವದು. ನನಗೆ ಹೊಳೆಯಲೇ ಇಲ್ಲ.

ಸುಮ್ಮನಿದ್ದರೆ ಇವಳು ಗೆದ್ದುಬಿಡುತ್ತಿದ್ದಳು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದ ಸೊಸೆಯತ್ತ ಅವ್ವ ತಿರುಗಿದಳು. "ಬಾರವ್ವಾ, ಬಿಸೀದು ಉಣ್ಣು ಮೊದ್ಲು," ಎಂದು ತನ್ನ ಪಕ್ಕ ಕೂಡಿಸಿಕೊಂಡಳು. ಇಬ್ಬರೂ ನನ್ನ ಮೀಟರನ್ನು ನೋಡಿ ಬಿದ್ದು ಬಿದ್ದು ನಕ್ಕರು. ನನಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಜೀವ ತಣ್ಣಗಾಯಿತು. ಬಸ್ಸು ಬಿಟ್ಟ ದಿನ ಇಬ್ಬರೂ ಕೂಡಿಯೇ ಗದ್ವಾಲಕ್ಕೆ ಹೋದರು, ನನಗೆ ಹಿಟ್ಟಿನ ಡಬ್ಬಿ ತೋರಿಸಿ.

ಅಂದು ಕಲಿತ ರೊಟ್ಟಿ ಬಡಿಯುವ ಕೆಲಸ ಇಂದಿಗೂ ನನ್ನದೇ. ಇವತ್ತು ಮಧ್ಯಾಹ್ನವೂ ಅವ್ವ ನಾನು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ ಸೊಸೆಗೆ ಹೇಳಿದಳು:

"ಇವನನ್ನ ನಿಮ್ಮ ಗದ್ವಾಲದಾಗ ಬಿಟ್ಟು ಬಾರವ್ವಾ. ನಾವಿಬ್ರೂ ಇಲ್ಲಿ ಆರಾಮ ಇರೂಣು."