ಕುರಿದೊಡ್ಡಿಯ ಬಾಯಿ

ತಾಂಬಾದ ಸೋಮನಿಂಗ ಹವಾಲ್ದಾರ ಮಿಲಿಟರಿ ಬಿಟ್ಟು ಮನಿಗೆ ಬಂದದ್ದು ಎಪ್ಪತ್ನಾಲ್ಕರ ಬ್ಯಾಸಗಿಯೊಳಗ. ಬಂದಾಗ ಅವನ ಕೈಯಾಗ ಬೆಳ್ಳಿ ಹಿಡಿಕೀದು ಒಂದು ಬೆತ್ತ ಇತ್ತು. ಗಡಿ ಆಚೆಗಿನ ಒಂದು ಸಣ್ಣ ದೇಶದ ಸರಕಾರ ಅಂವಗ ಮಾನಾ ಮಾಡಿ ಕೊಟ್ಟಿದ್ದು. ಊರ ಮಂದಿ ಅದನ್ನ ಮುಟ್ಟಿ ಮುಟ್ಟಿ ನೋಡಿದ್ರು. ಅಂವ ಮಾತ್ರ ಅದನ್ನ ಒಯ್ದು ದನದ ಕೊಟ್ಟಿಗಿ ಸಂದ್ಯಾಗ ಒಗದ. ಯಾಕ್ರಿ ಅಂತ ಹೆಂಡತಿ ಸುಂದರವ್ವ ಕೇಳಿದ್ರ, ನಾರತೈತಿ ಅಂದ. ಬೆಳ್ಳಿ ಎಲ್ಲಿಯರ ನಾರತೈತೇನು? ಅಂವಗ ನಾರತಿತ್ತು, ಏನ್ ಮಾಡ್ತೀರಿ.

ಆ ದೇಶದ ಹೆಸರು ಹೇಳಾಕ ಅಂವ ಕಡೀತನಕ ಬಾಯಿ ತೆರೀಲಿಲ್ಲ. ಅಲ್ಲಿ ಹೊಸ ಸರಕಾರ ಕುಂತಿತ್ತು. ಪೊಲೀಸ್ರು ಹೆಸರಿಗಷ್ಟ ಇದ್ರು. ಸಂತ್ಯಾಗ ಲೂಟಿ, ಓಣ್ಯಾಗ ಹೊಡದಾಟ. ನಮ್ಮ ಹುಡುಗರಿಗೆ ಬಂದೋಬಸ್ತ ಕಲಿಸಿಕೊಡ್ರಿ ಅಂತ ಅವರು ಕೇಳಿದ್ರು, ನಮ್ಮವರು ಒಂದು ತುಕಡಿ ಕಳಿಸಿದ್ರು. ಅದರಾಗ ಸೋಮನಿಂಗನೂ ಒಬ್ಬ. ಖುಷಿಲೆ ಹೋದ. ಗುಂಡು ಹಾರಸದಂಗ ಗದ್ದಲ ಅಡಗಸೂದು ಕಲಿಸಿದ್ರ ಪುಣ್ಯಾ ಬರತೈತಿ ಅಂತ ತಿಳದಿದ್ದ ಪುಣ್ಯಾತ್ಮ.

ಕುರುಬರ ಮನಿಯಾಗ ಹುಟ್ಟಿದಾಂವ. ಕಲಿಸಾಕ ನಿಂತ್ರ ಬಾಯಾಗ ಕುರೀನ ಬರಬೇಕಲ್ಲ. ಮಂದೀನ ನಾಕೂ ಕಡೆ ಮುಚ್ಚಬ್ಯಾಡ್ರಿ ಅಂತ ಹರಕು ಹಿಂದಿಯೊಳಗ ಹೇಳಿದ. ನಾಕೂ ಕಡೆ ಮುಚ್ಚಿದ್ರ ಕುರಿ ಸೈತ ಒಂದರ ಮ್ಯಾಲೊಂದು ಬಿದ್ದು ಸಾಯ್ತಾವ, ಒಂದು ಕಡೆ ಬಾಯಿ ಬಿಟ್ರ ಯಾರಿಗೂ ಪೆಟ್ಟಾಗದಂಗ ತಾವ ಹೋಗ್ತಾರ ಅಂದ. ಆ ಹುಡುಗರಿಗೆ ಇದು ಬಾಳ ಸೇರ್ತು. ಅವರ ಕಪ್ತಾನ ಕುರಿ ಸುದ್ದಿ ಇನ್ನಷ್ಟು ಹೇಳು ಅಂತ ಹಿಂದ ಬಿದ್ದ. ಊರ ನೆನಪು ಬಂದು ಸೋಮನಿಂಗಗ ಹುರುಪು ಏರಿತು. ಕಸಾಯಿ ಬಂದ ದಿನ ತನ್ನಪ್ಪ ಸಿದ್ದರಾಯ ದೊಡ್ಡಿ ಬಾಯಿಗೆ ಹ್ಯಾಂಗ ಒತ್ತಿಗೆ ನಿಲ್ತಿದ್ದ, ಕುರಿ ಬಯಲ ಕಡೆ ನೋಡ್ತಾವ ಹೊರತು ಬಾಜೂಕ ನಿಂತಾಂವನ ನೋಡೂದಿಲ್ಲ, ಬೇಕಾದ್ದರ ಹಿಂಗಾಲು ಹಿಮ್ಮಡದ ಮ್ಯಾಲ ಹ್ಯಾಂಗ ಹಿಡಿಯೂದು, ಎಲ್ಲಾ ಕುಣದು ತೋರಿಸಿದ. ಕಪ್ತಾನ ಹೊಟ್ಟಿ ಹಿಡಕೊಂಡು ನಕ್ಕ.

ಅಕ್ಕಿ ತುಟ್ಟಿ ಆತಂತ ಒಂದಿನ ಅಲ್ಲಿ ಪ್ಯಾಟ್ಯಾಗ ಮಂದಿ ಕೂಡಿದ್ರು. ಸೋಮನಿಂಗ ಮಾಳಿಗಿ ಮ್ಯಾಲ ನಿಂತು ತನ್ನ ಶಿಷ್ಯಾರನ್ನ ನೋಡಾಕ ಹತ್ತಿದ. ಮೂರು ಕಡೆ ಮುಚ್ಚಿ ಒಂದು ಓಣಿ ಬಿಟ್ರು. ಒಂದು ಲಾಠಿ ಬೀಳಲಿಲ್ಲ, ಒಂದು ಕೂಸು ತುಳಿಸಿಕೊಳ್ಳಲಿಲ್ಲ. ಭಲೇ ಅಂತ ಎದಿ ಉಬ್ಬಿತು. ಆಮ್ಯಾಲ ಓಣಿ ಬಾಯಿ ಕಡೆ ಕಣ್ಣು ಹೋತು. ಎರಡೂ ಬಾಜೂ ಅವರ ಜವಾನರು ಒತ್ತಿಗೆ ನಿಂತಿದ್ರು. ಕಪ್ತಾನ ಬೊಟ್ಟು ಮಾಡಿದಾವನ ಕಾಲು ಹಿಡದು ಎಳೀತಿದ್ರು, ಹಿಮ್ಮಡದ ಮ್ಯಾಲ, ಅಂವ ತೋರಿಸಿದಂಗ. ಎಳದು ಟ್ರಕ್ಕಿಗೆ ಒಗೀತಿದ್ರು. ದಿನಾ ಅಂವಗ ಚುರುಮುರಿ ಕಟ್ಟಿ ಕೊಡ್ತಿದ್ದ ಮುದುಕನ್ನೂ ಒಗದ್ರು. ಸೋಮನಿಂಗ ಮಾಳಿಗಿ ಮ್ಯಾಲಿಂದ ಒದರಿದ. ಯಾರು ಕೇಳ್ತಾರ? ಟ್ರಕ್ಕಿನ್ಯಾಗ ಹೋದಾವರು ತಿರುಗಿ ಬರಲಿಲ್ಲ.

ತನ್ನ ಸಾಹೇಬರ ಹತ್ರ ಹೋಗಿ ನಿಂತ. ಕಲಿಸೂದಷ್ಟ ನಮ್ಮ ಕೆಲಸ, ಅವರ ಮನಿ ಒಳಗಿಂದು ಅವರು ನೋಡ್ಕೋತಾರ ಅಂದು ಸಾಹೇಬರು ಚಾ ಕುಡದ್ರು. ಅವರ ಮನಿಗೆ ಇಂವ ಹೋಗಿದ್ದು ಮತ್ತ ಯಾಕ? ಮುಂದ ಕವಾಯತು ಮಾಡಿ, ಬ್ಯಾಂಡ್ ಬಾರಿಸಿ ಕಪ್ತಾನನ ಕೈಲೇನ ಬೆತ್ತ ಕೊಡಿಸಿದ್ರು. ಸಲಾಮು ಹೊಡದು ತಗೊಂಡ. ಥೂ, ಆ ಕೈಯಾಗ ಆಮ್ಯಾಲ ಅಂವಗ ರೊಟ್ಟಿ ಮುರಿಯಾಕೂ ಹೇಸಿಗಿ ಬರತಿತ್ತು.

ಊರಿಗೆ ಬಂದ ಮ್ಯಾಲ ತಮ್ಮ ಪರಸಪ್ಪ ಕುರಿ ಕಾಯಾಕ ಕರದ್ರ ಹೋಗಲಿಲ್ಲ. ದೊಡ್ಡಿ ಬಾಯಿಗೆ ನಿಲ್ಲಾಕ ನನ್ನ ಕಡಿಂದ ಆಗೂದಿಲ್ಲ ಅಂದುಬಿಟ್ಟ. ಅಷ್ಟರಾಗ ಝಳಕಿಯಿಂದ ಶ್ರೀಶೈಲಪ್ಪ ಸಾವ್ಕಾರನ ಕರೆ ಬಂತು. ಅಲ್ಲಿ ಅವಂದು ಹತ್ತಿ ಬೀಜ ಬಿಡಿಸೂ ಜಿನ್ನು. ಜಿನ್ನಿನ್ಯಾಗ ಗುಂಡವ್ವ ಅನ್ನಾಕಿ ಕೈ ಯಂತ್ರಕ್ಕ ಸಿಕ್ಕು ಹೋಗಿತ್ತು. ಕೈ ಹೋದಾಕಿನ್ನ ಸಾವ್ಕಾರ ಕೆಲಸದಿಂದ ತಗದಿದ್ದ. ಆಕಿನ್ನ ತಿರುಗಿ ತಗೋರಿ ಅಂತ ಕೂಲಿ ಹೆಣ್ಮಕ್ಕಳು ಮರುದಿನ ಗೇಟಿಗೆ ಕೂಡಾವರಿದ್ರು. ಅವರಾಗ ಸೋಮನಿಂಗನ ಅಕ್ಕ ರಾಮವ್ವನೂ ಒಬ್ಬಾಕಿ.

ನಮ್ಮ ಕಾವಲುಗಾರರಿಗೆ ಸ್ವಲ್ಪ ಕಲಿಸಿಕೊಡು, ನಿನ್ನ ಜಮಾದಾರ ಮಾಡ್ತೇನಿ ಅಂತ ಸಾವ್ಕಾರ ಪುಸಲಾಯಿಸಿದ. ಸೋಮನಿಂಗ ಒಲ್ಲೆ ಅಂದ. ಸಾವ್ಕಾರ ಸಿಟ್ಟಾಗಲಿಲ್ಲ, ಅಡಕಿ ಹೋಳು ಬಾಯಿಗೆ ಹಾಕ್ಕೊಂಡ.

"ಬ್ಯಾಡಂದ್ರ ಬಿಡು ಹವಾಲ್ದಾರ. ಸಿಂದಗಿ ಕಡ್ಯಾಂವ ಒಬ್ಬ ಪಿಂಚಣಿ ಸುಬೇದಾರ ನಿನ್ನೆ ದಿನಾನ ಬಂದು ಕಲಿಸಿ ಹೋಗ್ಯಾನ. ಒಂದು ಕಡೆ ಬಾಯಿ ಬಿಡಬೇಕಂತ, ಬಾಯಾಗ ಇಬ್ಬರು ಒತ್ತಿಗೆ ನಿಲ್ಲಬೇಕಂತ. ಪಲ್ಟನ್ನಿನ್ಯಾಗ ಇದಕ್ಕ ಕುರುಬರ ಪಾಠ ಅಂತಾರಂತ."

ಸೋಮನಿಂಗ ಎದ್ದು ಹೊರಗ ಬಂದ. ಅಲ್ಲಿಂದ ಸೀದಾ ರಾಮವ್ವನ ಮನಿಗೆ ಹೋದ. ನಾಳಿಗೆ ನೀವು ಹೋಗಬ್ಯಾಡ್ರಿ ಅಂತ ಹೇಳಾಕ ಹೋದಾಂವ, ಗುಂಡವ್ವ ಅಲ್ಲೇ ಕಟ್ಟಿ ಮ್ಯಾಲ ಕೈಗೆ ಅರಿವಿ ಸುತಗೊಂಡು ಕುಂತದ್ದು ನೋಡಿ ಮಾತು ಬದಲಿಸಿದ.

"ಯಕ್ಕಾ, ನಾಳಿಗೆ ಅವರು ಒಂದು ಕಡೆ ದಾರಿ ಬಿಡ್ತಾರ. ಅತ್ತಾಗ ಒಬ್ಬರೂ ಓಡಬ್ಯಾಡ್ರಿ. ನಿಂತಲ್ಲೇ ಎಲ್ಲಾರೂ ಕುಂತುಬಿಡ್ರಿ."

ಮರುದಿನ ಕಾವಲುಗಾರರು ಮೂರು ಕಡೆಯಿಂದ ಒತ್ತಿ ಬಂದ್ರು. ಹೆಣ್ಮಕ್ಕಳು ಸೆರಗು ಕಟ್ಟಿಕೊಂಡು ಮಣ್ಣಾಗ ಕುಂತ್ರು. ಗುಂಡವ್ವನ್ನ ನಡುವ ಕುಂದರಿಸಿಕೊಂಡಿದ್ರು. ಬಿಟ್ಟ ದಾರಿ ಬಾಯಿಗೆ ನಿಂತ ಇಬ್ಬರು ಮಧ್ಯಾಹ್ನದ ತನಕ ಖಾಲಿ ಕೈ ತಿಕ್ಕೋತ ನಿಂತ್ರು. ಹೊತ್ತು ಇಳಿಯೂದ್ರಾಗ ಸಾವ್ಕಾರ ಗುಂಡವ್ವನ್ನ ಕರಿಸಿ ಕೆಲಸಕ್ಕ ತಿರುಗಿ ತಗೊಂಡ.

ರಸ್ತೆ ಆಚೆ ನಿಂತಿದ್ದ ಸೋಮನಿಂಗ ನಗಲಿಲ್ಲ. ಕುಂತ ಕುರೀನ ದೊಡ್ಡಿ ಬಾಯಿಗೆ ಹೊಡಿಯಾಕ ಆಗೂದಿಲ್ಲ ಅನ್ನೂದು ತಾಂಬಾದ ಕೂಸಿಗೂ ಗೊತ್ತೈತಿ. ಆ ದೇಶದಾಗ ಅದನ್ನ ಅಂವ ಯಾರಿಗೂ ಹೇಳಿರಲಿಲ್ಲ. ದಿನಾ ಯಾರ ಬಾಜೂಕ ಕುಂತು ಚುರುಮುರಿ ತಿಂತಿದ್ನೋ, ಆ ಮುದುಕಗೂ ಹೇಳಿರಲಿಲ್ಲ.